ಶುಕ್ರವಾರ ಸಂಜೆಯ ಭೂಗೋಳ

ಜರ್ಮನಿಯ ಮ್ಯೂನಿಕ್‌ನಲ್ಲಿ ಮನೆ ಮಾಡಿದ ಮೇಲೆ ನನ್ನ ಗಂಡ ಭೂಪಟವನ್ನು ಕಿಲೋಮೀಟರ್‌ನಲ್ಲಿ ನೋಡುವುದನ್ನು ಬಿಟ್ಟರು. ಈಗ ಎಲ್ಲವೂ ಗಂಟೆಯ ಲೆಕ್ಕ. "ಆಸ್ಟ್ರಿಯದ ಸಾಲ್ಜ್‌ಬರ್ಗ್‌ಗೆ ಎರಡು ಗಂಟೆಯೂ ಬೇಡ. ಐದು ಗಂಟೆ ಬಸ್ಸಿನಲ್ಲಿ ಕುಳಿತರೆ ಚೆಕ್ ದೇಶದ ಪ್ರಾಗ್. ಬೆಂಗಳೂರಿನಲ್ಲಿ ರೈಲು ಹತ್ತಿ ಅಷ್ಟೇ ಹೊತ್ತು ಕುಳಿತರೆ ಶಿವಮೊಗ್ಗ ಬಂದಿರುತ್ತದೆ, ನಮ್ಮೂರು ಇನ್ನೂ ದೂರ ಮಾರಾಯ್ತಿ!" ಇವರ ಊರು ತಾಳಗುಪ್ಪದ ಹತ್ತಿರ. ಅಲ್ಲಿಗೆ ರೈಲು ಹಳಿ ಮುಗಿದುಹೋಗುತ್ತದೆ. ಹಳಿ ಮುಗಿಯುವ ಊರಿನಲ್ಲಿ ಬೆಳೆದವರಿಗೆ ಹಳಿ ಎಲ್ಲಿಯೂ ಮುಗಿಯದ ಖಂಡ ಸಿಕ್ಕರೆ ಏನಾಗಬೇಕೋ ಅದೇ ಆಗಿದೆ.

ನಾನು ಮೈಸೂರಿನವಳು. ಭಾನುವಾರ ಇರುವುದೇ ಹೊಟ್ಟೆ ತುಂಬ ಉಂಡು ಮಲಗುವುದಕ್ಕೆ ಎಂಬ ಸಂಸ್ಕಾರದಲ್ಲಿ ಬೆಳೆದವಳು. ಇವರೋ ಶುಕ್ರವಾರ ಸಂಜೆ ಕಚೇರಿಯಿಂದ ಬಂದವರೇ ಲ್ಯಾಪ್‌ಟಾಪ್ ತೆರೆದು, ಬಣ್ಣಬಣ್ಣದ ಕೋಷ್ಟಕ ಹಾಕಿ, ಬೆಳಿಗ್ಗೆ ಐದೂವರೆಗೆ ಏಳುವ ವಿಷಯವನ್ನು ಸಿಹಿಸುದ್ದಿಯಂತೆ ಹೇಳುತ್ತಾರೆ. ನಾನು ಒಲ್ಲೆ ಎಂದರೂ ಊರಿನವರು ಬಿಡಬೇಕಲ್ಲ. "ಅಷ್ಟು ಹತ್ತಿರದಲ್ಲಿದ್ದೂ ಪ್ಯಾರಿಸ್ ನೋಡಿಲ್ಲವೇನೇ?" ಎಂದು ಕೇಳುವ ನನ್ನ ಸೋದರತ್ತೆ ಚಾಮುಂಡಿ ಬೆಟ್ಟ ಹತ್ತಿ ಇಪ್ಪತ್ತು ವರ್ಷವಾಗಿದೆ.

ಅಗ್ಗದ ವಿಮಾನಗಳ ಭೂಗೋಳ ಇನ್ನೊಂದು ಬಗೆಯದು. ಮ್ಯೂನಿಕ್ ಪಶ್ಚಿಮ ಎಂದು ಜಾಹೀರಾತಾಗಿದ್ದ ಮೆಮ್ಮಿಂಗೆನ್ ವಿಮಾನ ನಿಲ್ದಾಣ ಇರುವುದು ಮ್ಯೂನಿಕ್‌ನಿಂದ ನೂರಕ್ಕೂ ಹೆಚ್ಚು ಕಿಲೋಮೀಟರ್ ಪಶ್ಚಿಮದಲ್ಲಿ. ಪ್ಯಾರಿಸ್ ಎಂದು ಟಿಕೆಟ್ ಕೊಟ್ಟು ಇಳಿಸುವ ಬೋವೆ, ಪ್ಯಾರಿಸ್‌ನಿಂದ ಎಂಬತ್ತು ಕಿಲೋಮೀಟರ್ ಆಚೆ. ತುಮಕೂರಿನಾಚೆ ಇಳಿಸಿ ಬೆಂಗಳೂರು ಬಂತು ಎಂದ ಹಾಗೆ. ವಿಮಾನಕ್ಕಿಂತ ಅದಕ್ಕೆ ಹೋಗಿ ಬರುವ ಬಸ್ಸಿನ ಖರ್ಚೇ ಹೆಚ್ಚಾಗುತ್ತದೆ ಎಂದು ನಾನು ಕೂಡಿಸಿ ತೋರಿಸಿದರೆ, "ಅದು ಬೇರೆ ಕಾಲಂ" ಎನ್ನುತ್ತಾರೆ.

ಆ ವಿಮಾನಗಳಲ್ಲಿ ಸೀಟಿನಡಿ ಹಿಡಿಸುವ ಒಂದು ಪುಟ್ಟ ಚೀಲ ಮಾತ್ರ ಪುಕ್ಕಟೆ. ದ್ವಾರದ ಬಳಿ ಒಂದು ಲೋಹದ ಚೌಕಟ್ಟು ಇಟ್ಟಿರುತ್ತಾರೆ. ಚೀಲ ಅದರೊಳಗೆ ಕೂರದಿದ್ದರೆ ಟಿಕೆಟ್ಟಿಗಿಂತ ಹೆಚ್ಚು ದುಡ್ಡು ಕಕ್ಕಬೇಕು. ಆದ್ದರಿಂದ ಹಿಂದಿನ ರಾತ್ರಿ ನನ್ನ ಹೊಲಿಗೆಯ ಟೇಪು ಹೊರಬರುತ್ತದೆ. ಚೀಲದಲ್ಲಿ ಹಿಡಿಸದ್ದು ಮೈಮೇಲೆ ಹೋಗುತ್ತದೆ. ಎರಡು ಸ್ವೆಟರ್, ಅದರ ಮೇಲೊಂದು ಜಾಕೆಟ್, ಎಡ ಜೇಬಿನಲ್ಲಿ ಚಾರ್ಜರ್, ಬಲ ಜೇಬಿನಲ್ಲಿ ಕೋಡುಬಳೆ. ಹೀಗೆ ಸಜ್ಜಾದ ಗಂಡಸು ಭದ್ರತಾ ತಪಾಸಣೆಯಲ್ಲಿ ಸಿಕ್ಕಿಬೀಳದೆ ಇರುತ್ತಾನೆಯೇ? ಒಮ್ಮೆ ಸಿಕ್ಕಿಬಿದ್ದದ್ದು ಕೋಡುಬಳೆಗಲ್ಲ, ಪುಳಿಯೋಗರೆ ಗೊಜ್ಜಿಗೆ. ನೂರು ಮಿಲಿಲೀಟರ್‌ಗಿಂತ ಹೆಚ್ಚಿನ ದ್ರವ ಒಯ್ಯುವಂತಿಲ್ಲ, ಪೇಸ್ಟೂ ದ್ರವವೇ ಎಂದು ಅಲ್ಲಿನ ಹೆಂಗಸು ಹೇಳಿದಳು. ಇದು ದ್ರವವಲ್ಲ ಎಂದು ಸಾಧಿಸಲು ಇವರು ಡಬ್ಬಿಯನ್ನು ತಲೆಕೆಳಗು ಮಾಡಿ ಹಿಡಿದರು. ಗೊಜ್ಜು ಅಲ್ಲಾಡಲಿಲ್ಲ. ನನ್ನ ಹದದ ಬಗ್ಗೆ ನನಗೇ ಹೆಮ್ಮೆಯಾಯಿತು. ಆಕೆ ಮಾತ್ರ ಒಂದಿಷ್ಟೂ ಕರಗದೆ ಅದನ್ನು ಕಸದ ಡಬ್ಬಿಗೆ ಹಾಕಿದಳು. ಆ ಪ್ರವಾಸದಲ್ಲಿ ಏನೇನು ನೋಡಿದೆವೋ, ಇವರಿಗೆ ನೆನಪಿರುವುದು ಆ ಡಬ್ಬಿಯೊಂದೇ.

ಪ್ರಾಗ್‌ಗೆ ಹೋದದ್ದು ಮಾರ್ಚ್ ತಿಂಗಳ ಕೊನೆಯ ವಾರಾಂತ್ಯ. ಆ ಭಾನುವಾರ ನಸುಕಿನಲ್ಲಿ ಮಧ್ಯ ಯುರೋಪಿನ ಗಡಿಯಾರಗಳೆಲ್ಲ ಎರಡರಿಂದ ನೇರ ಮೂರಕ್ಕೆ ಜಿಗಿಯುತ್ತವೆ. ಮೊಬೈಲ್ ತಾನಾಗಿಯೇ ಜಿಗಿಯಿತು. ಇವರ ಕೈಯಲ್ಲಿದ್ದ ಎಚ್‌ಎಂಟಿ ಜಿಗಿಯಲಿಲ್ಲ. ಅದು ಮದುವೆಯಲ್ಲಿ ನನ್ನ ಅಪ್ಪ ಕೊಟ್ಟದ್ದು. "ನಿಮ್ಮ ತಂದೆ ಕೊಟ್ಟ ವಾಚು ಎಂದೂ ತಪ್ಪು ತೋರಿಸಿದ್ದಿಲ್ಲ" ಎಂದು ಇವರು ಮಾವನ ಮೇಲೆ ಅಷ್ಟು ಗೌರವ ತೋರಿಸಿದ್ದು ಅದೇ ಮೊದಲು, ಅದೇ ಕೊನೆ. ಬಸ್ಸಿಗೆ ಇನ್ನೂ ಒಂದು ಗಂಟೆ ಇದೆ ಎಂದು ನಿಧಾನವಾಗಿ ಎರಡನೆಯ ಕಾಫಿ ಕುಡಿದರು. ನಿಲ್ದಾಣಕ್ಕೆ ಹೋದಾಗ ನಮ್ಮ ಬಸ್ಸು ಮ್ಯೂನಿಕ್ ದಾರಿಯಲ್ಲಿ ಸಾಕಷ್ಟು ಮುಂದೆ ಹೋಗಿತ್ತು.

ಮುಂದಿನ ಬಸ್ಸು ಸಂಜೆಗೆ. ಕಾಲ ಕಳೆಯಲು ಹಳೆಯ ಊರಿನ ಚೌಕಕ್ಕೆ ಹೋಗಿ 1410ರ ಆ ಪ್ರಸಿದ್ಧ ಖಗೋಳ ಗಡಿಯಾರದ ಮುಂದೆ ನಿಂತೆವು. ಗಂಟೆಗೊಮ್ಮೆ ಅಸ್ಥಿಪಂಜರವೊಂದು ಗಂಟೆ ಬಾರಿಸುತ್ತದೆ, ಕಿಟಕಿಯಲ್ಲಿ ಏಸುವಿನ ಶಿಷ್ಯರು ಒಬ್ಬೊಬ್ಬರಾಗಿ ಸುಳಿಯುತ್ತಾರೆ, ಕೊನೆಗೊಂದು ಕೋಳಿ ಕೂಗುತ್ತದೆ. ಅರ್ಧ ತಾಸು ಕತ್ತೆತ್ತಿ ಕಾದ ಜನರಿಗೆ ಅದು ಶುರುವಾದದ್ದೂ ಮುಗಿದದ್ದೂ ಒಟ್ಟಿಗೇ ಗೊತ್ತಾಗುತ್ತದೆ. ನನಗೆ ಹಿಡಿಸಿದ್ದು ಅದಲ್ಲ. ಆ ಗಡಿಯಾರದ ಹೊರಬಳೆಯಲ್ಲಿ ಹಳೆಯ ಬೊಹೀಮಿಯದ, ಅಂದರೆ ಪ್ರಾಗ್ ಸುತ್ತಲಿನ ಸೀಮೆಯ, ಕಾಲಮಾನವೂ ಇದೆ. ಅದರಲ್ಲಿ ದಿನ ಶುರುವಾಗುವುದು ಸೂರ್ಯ ಮುಳುಗಿದಾಗ. ಅಲ್ಲಿಂದ ಇಪ್ಪತ್ತನಾಲ್ಕು ಗಂಟೆ ಎಣಿಸಬೇಕು. ಅಂದರೆ ನಮ್ಮೆದುರು ಈಗ ಮೂರು ಕಾಲಗಳಿದ್ದವು: ಮೊಬೈಲಿನದು, ಅಪ್ಪನದು, ಬೊಹೀಮಿಯದ್ದು. "ನೋಡಿದೆಯಾ, ಸಮಯ ಎಂಬುದು ಸಾಪೇಕ್ಷ" ಎಂದರು ಇವರು. ಹೊಸ ಟಿಕೆಟ್ಟಿನ ದುಡ್ಡು ಸಾಪೇಕ್ಷವಾಗಿರಲಿಲ್ಲ.

ಸ್ವಿಟ್ಜರ್ಲೆಂಡಿನ ರೈನ್ ಜಲಪಾತದಲ್ಲಿ ನಡೆದದ್ದು ಅಪಘಾತವೋ ಅವಮಾನವೋ ನನಗೆ ಇನ್ನೂ ತೀರ್ಮಾನಿಸಲಾಗಿಲ್ಲ. ಯುರೋಪಿನ ಅತಿ ದೊಡ್ಡ ಜಲಪಾತಗಳಲ್ಲಿ ಒಂದೆಂದು ಅದಕ್ಕೆ ದೊಡ್ಡ ಹೆಸರು. ಅಗಲ 150 ಮೀಟರ್, ಎತ್ತರ 23 ಮೀಟರ್. ಇವರು ಫಲಕದ ಮೇಲಿನ ಅಂಕಿ ಓದಿ, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು. "ಇಪ್ಪತ್ತಮೂರೇ?" ಜೋಗದ ರಾಜ 253 ಮೀಟರ್ ಬೀಳುವುದನ್ನು ಶಾಲೆ ತಪ್ಪಿಸಿ ನೋಡುತ್ತಿದ್ದ ಹುಡುಗ ಇವರು. ಪಕ್ಕದಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದ ಜಪಾನಿ ದಂಪತಿಗೆ ಮೊಬೈಲಿನಲ್ಲಿ ಜೋಗದ ಚಿತ್ರ ತೋರಿಸತೊಡಗಿದರು. ಅವರು ತಲೆಬಾಗಿ ತಲೆಬಾಗಿ ನೋಡಿದರು, ಸೌಜನ್ಯದ ಜನ. ನನಗೆ ತಡೆಯಲಾಗಲಿಲ್ಲ. "ನಿಮ್ಮ ಜೋಗದ ನೀರನ್ನೆಲ್ಲ ಲಿಂಗನಮಕ್ಕಿಯಲ್ಲಿ ಕಟ್ಟಿಹಾಕಿದ್ದಾರೆ. ಏಪ್ರಿಲ್‌ನಲ್ಲಿ ಹೋದರೆ ಬಂಡೆ ನೋಡಿ ಬರಬೇಕು. ಇದು ಹನ್ನೆರಡು ತಿಂಗಳೂ ಬೀಳುತ್ತದೆ, ನಡುವಿನ ಬಂಡೆಯವರೆಗೆ ದೋಣಿಯೂ ಹೋಗುತ್ತದೆ" ಎಂದೆ. ಮ್ಯೂನಿಕ್ ತಲುಪುವವರೆಗೆ ಮಲೆನಾಡು ಮೈಸೂರಿನೊಡನೆ ಮಾತನಾಡಲಿಲ್ಲ.

ಇಷ್ಟಾದ ಮೇಲೆ ನಾನು ಒಂದು ಷರತ್ತು ಹಾಕಿದೆ. ಮ್ಯೂನಿಕ್ ಇರುವ ಬವೇರಿಯ ರಾಜ್ಯದಲ್ಲಿ ಅಂಗಡಿಗಳು ರಾತ್ರಿ ಎಂಟಕ್ಕೆ ಬಾಗಿಲು ಹಾಕುತ್ತವೆ, ಭಾನುವಾರ ತೆರೆಯುವುದೇ ಇಲ್ಲ. ಶನಿವಾರ ಊರು ಸುತ್ತಲು ಹೋದವರ ಮನೆಯಲ್ಲಿ ಭಾನುವಾರ ಹಾಲಿಲ್ಲ, ಮೊಸರಿಲ್ಲ. ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ ಒಂದಕ್ಕೆ ಎರಡು ಕೊಟ್ಟು ಹಾಲು ತರಬೇಕು. ಆದ್ದರಿಂದ ಸಂಜೆ ಆರರೊಳಗೆ ವಾಪಸಾಗುವಷ್ಟು ಹತ್ತಿರದ ಜಾಗಕ್ಕೆ ಮಾತ್ರ ಬರುತ್ತೇನೆ ಎಂದೆ. "ಹಾಗಾದರೆ ಟೇಗರ್ನ್‌ಜೇ. ಚೆಂದದ ಸರೋವರ. ಒಂದೇ ರೈಲು, ಒಂದೇ ಗಂಟೆ, ಎಲ್ಲಿಯೂ ಇಳಿದು ಹತ್ತುವ ತಾಪತ್ರಯವಿಲ್ಲ" ಎಂದರು.

ಒಂದೇ ರೈಲು ಎಂಬುದು ಮ್ಯೂನಿಕ್ ನಿಲ್ದಾಣದ ಮಟ್ಟಿಗೆ ನಿಜ. ಅದು ಹೋಲ್ಜ್‌ಕಿರ್ಖೆನ್‌ನಲ್ಲಿ ಎರಡಾಗುತ್ತದೆ. ಒಂದು ಭಾಗ ಶ್ಲೀರ್‌ಜೇ ಸರೋವರದ ಪಕ್ಕದಲ್ಲಿ ಹಾದು ಬೈರಿಷ್‌ಟ್ಸೆಲ್ ಎಂಬಲ್ಲಿಗೆ ಹೋಗುತ್ತದೆ. ಉಳಿದದ್ದು ಮುಂದೆ ಷಾಫ್ಟ್‌ಲಾಖ್‌ನಲ್ಲಿ ಮತ್ತೆ ಎರಡಾಗಿ, ಒಂದು ಲೆಂಗ್‌ಗ್ರೀಸ್‌ಗೂ ಇನ್ನೊಂದು ಟೇಗರ್ನ್‌ಜೇಗೂ ಹೋಗುತ್ತದೆ. ಭಾಗದಿಂದ ಭಾಗಕ್ಕೆ ಒಳಗಿನಿಂದ ದಾಟಲು ದಾರಿಯಿಲ್ಲ. ನಮ್ಮಲ್ಲೂ ಬೆಂಗಳೂರಿನಿಂದ ಕಾರವಾರಕ್ಕೂ ಕಣ್ಣೂರಿಗೂ ಒಟ್ಟಿಗೆ ಹೊರಡುತ್ತಿದ್ದ ರಾತ್ರಿ ರೈಲು ಮಂಗಳೂರಿನಲ್ಲಿ ಎರಡಾಗುತ್ತಿತ್ತು. ಆದರೆ ಅಲ್ಲಿ ಟಿಕೆಟ್ಟಿನಲ್ಲಿ ಬೋಗಿಯ ಸಂಖ್ಯೆ ಇರುತ್ತಿತ್ತು, ಪಕ್ಕದ ಸೀಟಿನವರು ನಮ್ಮ ಗೋತ್ರದವರೆಗೆ ವಿಚಾರಿಸಿ "ಇದು ನಿಮ್ಮ ಬೋಗಿಯಲ್ಲವಲ್ಲ" ಎನ್ನುತ್ತಿದ್ದರು. ಇಲ್ಲಿ ಯಾರೂ ಯಾರನ್ನೂ ಏನೂ ಕೇಳುವುದಿಲ್ಲ.

ಶನಿವಾರ ಬೆಳಿಗ್ಗೆ ಬೆಟ್ಟ ಹತ್ತುವವರ ನೂಕುನುಗ್ಗಲು. ನಾನು ಚಪಾತಿ ಚೀಲದೊಂದಿಗೆ ಒಂದು ಬಾಗಿಲಲ್ಲಿ ನುಗ್ಗಿದೆ. ಇವರು ಹಿಂದಿನ ಬಾಗಿಲಲ್ಲಿ ಹತ್ತಿ, "ಸೀಟು ಸಿಕ್ಕಿತು, ಟೇಗರ್ನ್‌ಜೇಯಲ್ಲಿ ಸಿಗೋಣ" ಎಂದು ಸಂದೇಶ ಕಳುಹಿಸಿದರು. ಬವೇರಿಯ ಟಿಕೆಟ್ ಎಂದು ಒಂದಿದೆ. ಒಂದೇ ಟಿಕೆಟ್ಟಿನಲ್ಲಿ ಐವರವರೆಗೆ ದಿನವಿಡೀ ತಿರುಗಬಹುದು, ಒಟ್ಟಿಗಿದ್ದರೆ. ಅದು ಇವರ ಜೇಬಿನಲ್ಲಿತ್ತು.

ಹೋಲ್ಜ್‌ಕಿರ್ಖೆನ್ ದಾಟಿ ಸ್ವಲ್ಪ ಹೊತ್ತಿಗೆ ಟಿಕೆಟ್ ಪರೀಕ್ಷಕ ಬಂದ. ಸಂಜೆ ತರಗತಿಯಲ್ಲಿ ಕಲಿತ ಜರ್ಮನ್‌ನಲ್ಲಿ, ಟಿಕೆಟ್ ನನ್ನ ಗಂಡನ ಬಳಿ ಇದೆ, ಗಂಡ ಹಿಂದಿನ ಬೋಗಿಯಲ್ಲಿ ಇದ್ದಾರೆ ಎಂದು ವ್ಯಾಕರಣಶುದ್ಧವಾಗಿ ಹೇಳಿ ಹಿಂದಕ್ಕೆ ಕೈ ತೋರಿಸಿದೆ. ಅವನು ತಿರುಗಿ ನೋಡಿದ. ನಾನೂ ನೋಡಿದೆ. ಕೊನೆಯ ಗಾಜಿನಾಚೆ ಹಳಿ ಮಾತ್ರ ಇತ್ತು, ಅದರ ಪಕ್ಕದಲ್ಲಿ ಹಸುಗಳು.

ಟಿಕೆಟ್ ಇಲ್ಲದಿದ್ದರೆ ಅರವತ್ತು ಯೂರೋ ದಂಡ. ಇವರಿಗೆ ಫೋನ್ ಮಾಡಿದೆ. "ಏನು ಹೇಳುತ್ತೀ, ರೈಲು ಸರಿಯಾಗಿಯೇ ಹೋಗುತ್ತಿದೆಯಲ್ಲ!" ಎಂದರು. ಹೌದು, ಎರಡೂ ಸರಿಯಾಗಿಯೇ ಹೋಗುತ್ತಿದ್ದವು. ಕೊನೆಗೆ ಟಿಕೆಟ್ಟಿನ ಫೋಟೋ ತೆಗೆದು ಕಳುಹಿಸಿದರು. ಪರೀಕ್ಷಕ ಅದನ್ನು ದೊಡ್ಡದು ಮಾಡಿ ಓದಿ, "ಟಿಕೆಟ್ ಸರಿಯಾಗಿದೆ. ಇಬ್ಬರು ಹೋಗಬಹುದು. ಆದರೆ ಅದು ಈಗ ಬೈರಿಷ್‌ಟ್ಸೆಲ್‌ಗೆ ಹೋಗುತ್ತಿದೆ" ಎಂದ. ಆಮೇಲೆ ಅವನಿಗೇ ಏನನ್ನಿಸಿತೋ, ಯಂತ್ರವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಮುಂದಿನ ಸಲ ಟಿಕೆಟ್ ಅಥವಾ ಗಂಡ, ಎರಡರಲ್ಲಿ ಒಂದನ್ನಾದರೂ ಜೊತೆಗೆ ಇಟ್ಟುಕೊಳ್ಳಿ" ಎಂದು ಹೇಳಿ ಮುಂದೆ ಹೋದ. ಜರ್ಮನರಿಗೆ ಹಾಸ್ಯಪ್ರಜ್ಞೆ ಇಲ್ಲ ಎನ್ನುವವರು ಈ ಮಾರ್ಗದಲ್ಲಿ ಓಡಾಡಿಲ್ಲ. ಷಾಫ್ಟ್‌ಲಾಖ್‌ನಲ್ಲಿ ರೈಲು ಮತ್ತೆ ಎರಡಾಯಿತು. ಈ ಬಾರಿ ಕಳೆದುಕೊಳ್ಳಲು ನನ್ನ ಬಳಿ ಗಂಡ ಉಳಿದಿರಲಿಲ್ಲ, ನಿಶ್ಚಿಂತೆಯಿಂದ ಕುಳಿತಿದ್ದೆ.

ಇವರು ಶ್ಲೀರ್‌ಜೇಯಲ್ಲಿ ಇಳಿದರು. ನಾನು ಟೇಗರ್ನ್‌ಜೇಯಲ್ಲಿ. ಎರಡೂ ಸರೋವರಗಳ ನಡುವೆ ಇರುವುದು ಬೆಟ್ಟ; ಅದನ್ನು ಹತ್ತಿಳಿದು ಒಂದರಿಂದ ಇನ್ನೊಂದಕ್ಕೆ ನಡೆಯುವುದು ಇಲ್ಲಿಯವರಿಗೆ ಇಷ್ಟದ ಹವ್ಯಾಸ. ನಡೆದು ಬರಲೇ ಎಂದು ಇವರು ಕೇಳಿದರು. ಚಪಾತಿಗಾಗಿ ಬೆಟ್ಟ ದಾಟುವ ಪ್ರೀತಿ ದೊಡ್ಡದೇ, ಆದರೆ ಹಾಕಿಕೊಂಡು ಬಂದದ್ದು ಕಚೇರಿಯ ಬೂಟು. ಸಂಜೆ ಹೋಲ್ಜ್‌ಕಿರ್ಖೆನ್‌ನಲ್ಲಿ ಸಿಗುವುದೆಂದು ತೀರ್ಮಾನವಾಯಿತು. ನಾನು ದಡದ ಬೆಂಚಿನ ಮೇಲೆ ಚಪಾತಿ ಪಲ್ಯ ತಿಂದು, ಬಾತುಕೋಳಿಗಳನ್ನು ನೋಡುತ್ತಾ, ಬೆಳಿಗ್ಗೆ ಏಳಿಸುವವರಿಲ್ಲದ ಒಂದು ಒಳ್ಳೆಯ ನಿದ್ದೆ ತೆಗೆದೆ. ಯುರೋಪಿನಲ್ಲಿ ನಾನು ಕಳೆದ ಅತ್ಯುತ್ತಮ ಶನಿವಾರ ಅದು ಎಂದು ಇವರಿಗೆ ಹೇಳಿಲ್ಲ.

ಈ ನಡುವೆ ಇಬ್ಬರೂ ನಮ್ಮ ನಮ್ಮ ದಡದಿಂದ ಮನೆಯವರ ವಾಟ್ಸಾಪ್ ಗುಂಪಿಗೆ ಫೋಟೋ ಹಾಕಿದ್ದೆವು. ಅತ್ತೆಯ ಧ್ವನಿಸಂದೇಶ ಬಂತು: "ಕೆರೆ ಬಹಳ ದೊಡ್ಡದಿದೆ. ಅವನು ಆ ದಡದಲ್ಲಿ, ನೀನು ಈ ದಡದಲ್ಲಿ ನಿಂತದ್ದೇಕೆ? ಜಗಳವೇ?" ನಾನು ಉತ್ತರ ಟೈಪು ಮಾಡುತ್ತಿರುವಾಗಲೇ ಇವರು ಆತುರಕ್ಕೆ ಬರೆದುಬಿಟ್ಟರು: "ಜಗಳ ಏನಿಲ್ಲ ಅಮ್ಮಾ. ರೈಲು ಎರಡು ತುಂಡಾಯಿತು. ನಾನು ಒಂದರಲ್ಲಿದ್ದೆ, ಅವಳು ಇನ್ನೊಂದರಲ್ಲಿ."

ಮುಂದಿನ ಅರ್ಧ ಗಂಟೆ ತಾಳಗುಪ್ಪದಿಂದ ಸಾಗರದವರೆಗೆ ಇರುವ ಬಂಧುಗಳೆಲ್ಲ ಫೋನ್ ಮಾಡಿದರು. ಅತ್ತೆ ಗಣಪತಿಗೆ ಹರಕೆ ಹೊತ್ತಾಗಿತ್ತು. ಯಾರಿಗೂ ಏನೂ ಆಗಿಲ್ಲ, ಇಲ್ಲಿ ಅದು ದಿನವೂ ಹಾಗೆಯೇ ತುಂಡಾಗುತ್ತದೆ ಎಂದು ವಿವರಿಸಿ ವಿವರಿಸಿ ನಾವು ಹೋಲ್ಜ್‌ಕಿರ್ಖೆನ್ ಸೇರಿ, ಮ್ಯೂನಿಕ್ ಸೇರಿ, ಅಂಗಡಿಗೆ ಓಡಿದರೆ ಎಂಟು ದಾಟಿ ಐದು ನಿಮಿಷವಾಗಿತ್ತು. ಗಾಜಿನಾಚೆ ಮೊಸರಿನ ಡಬ್ಬಿಗಳು ಸಾಲಾಗಿ ಕಾಣುತ್ತಿದ್ದವು. ಅಷ್ಟರಲ್ಲಿ ಇವರ ದೊಡ್ಡಪ್ಪನ ಫೋನ್ ಬಂತು. ಪೂರ್ತಿ ಕಥೆಯನ್ನು ಸಮಾಧಾನದಿಂದ ಕೇಳಿಸಿಕೊಂಡು ಅವರು ಕೇಳಿದರು: "ಅದಿರಲಿ, ಪರಿಹಾರ ಎಷ್ಟು ಕೊಡುತ್ತಾರಂತೆ?"