ಕ್ಯಾಮೆರಾ ಓರೆ ಹಿಡಿದರೆ ಬಿರುಗಾಳಿ

ಛಾಯಾಚಿತ್ರ ಗ್ರಂಥಗಳನ್ನು ಓದುವುದಿಲ್ಲ, ಎತ್ತುತ್ತಾರೆ. ಇದನ್ನು ಜಗತ್ತಿಗೆ ಮನದಟ್ಟು ಮಾಡಿದ್ದು ಜರ್ಮನಿಯ ಟಾಶೆನ್ ಪ್ರಕಾಶನ. ಹೆಲ್ಮುಟ್ ನ್ಯೂಟನ್ ತೆಗೆದ ತಾರೆಯರ ಮತ್ತು ರೂಪದರ್ಶಿಯರ ಚಿತ್ರಗಳನ್ನು 464 ಪುಟಗಳಲ್ಲಿ ತುಂಬಿ, 1999ರಲ್ಲಿ ‘ಸುಮೋ’ ಎಂಬ ಹೆಸರಿನಲ್ಲಿ ಹೊರತಂದರು. ತೂಕ 30 ಕಿಲೋ ದಾಟಿತ್ತು. ಇಟ್ಟುಕೊಳ್ಳಲು ಫಿಲಿಪ್ ಸ್ಟಾರ್ಕ್ ವಿನ್ಯಾಸದ ಸ್ಟ್ಯಾಂಡನ್ನೂ ಜೊತೆಗೇ ಕೊಟ್ಟರು. ಕಾರವಾರದಲ್ಲಿ ಮೊನ್ನೆ ಬಿಡುಗಡೆಯಾದ ‘ಕರಾವಳಿಯ ಬದುಕು’ ಎಂಬ ಛಾಯಾಚಿತ್ರ ಗ್ರಂಥ ಅಷ್ಟೇನೂ ಭಾರವಿಲ್ಲ. ಆದರೂ ವೇದಿಕೆಯ ಮೇಲೆ ಅದನ್ನು ಹಿಡಿದು ನಿಲ್ಲಲು ಏಳು ಮಂದಿ ಗಣ್ಯರು ಬೇಕಾದರು. ಎಂಟನೆಯವರಿಗೆ ಹಿಡಿಯಲು ಮೂಲೆ ಸಿಗದೆ ಅವರು ಏಳನೆಯವರ ಮೊಣಕೈ ಹಿಡಿದುಕೊಂಡರು.

ಗ್ರಂಥದ ಆರಂಭದಲ್ಲಿ ಶುಭ ಸಂದೇಶಗಳಿವೆ. ಸಂದೇಶ ಕೊಟ್ಟವರ ಭಾವಚಿತ್ರ, ಹೆಸರು, ಹುದ್ದೆ, ಹಿಂದಿನ ಹುದ್ದೆ ಎಲ್ಲವೂ ಅಚ್ಚಾಗಿವೆ. ಅವು ಮುಗಿದ ಮೇಲೆ ಜನ ಶುರುವಾಗುತ್ತಾರೆ. ಜನರಿಗೆ ಹೆಸರಿಲ್ಲ. ಮೀನು ಮಾರುಕಟ್ಟೆಯ ಹೆಂಗಸು ‘ಕಡಲ ಮಗಳು’, ಬೈತಖೋಲ ಬಂದರಿನಲ್ಲಿ ಬಲೆ ಹೊಲಿಯುತ್ತಿರುವ ಮುದುಕ ‘ಕಾಲದ ಗೆರೆಗಳು’, ಅವನ ಪಕ್ಕದ ನಾಯಿ ‘ನಿರೀಕ್ಷೆ’. ಕಡಲ ಮಗಳು ಯಾರೆಂದು ಮಾರುಕಟ್ಟೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಬಂಗಡೆಯ ಚೌಕಾಸಿಯಲ್ಲಿ ಅವಳನ್ನು ಗೆದ್ದವರಿಲ್ಲ. ಅವಳ ಪ್ಲಾಸ್ಟಿಕ್ ಬುಟ್ಟಿ ಸರಿಸಿ, ಯಾರದೋ ಅಟ್ಟದಿಂದ ಬಿದಿರಿನ ಬುಟ್ಟಿ ಇಳಿಸಿ ತಂದು, ಮೊಬೈಲನ್ನು ಸೆರಗಿನೊಳಗೆ ಬಚ್ಚಿಡಿಸಿ ಚಿತ್ರ ತೆಗೆದರಂತೆ. ಒಂದು ಗಂಟೆ ವ್ಯಾಪಾರ ಕೆಟ್ಟಿತು. “ಅಷ್ಟೆಲ್ಲ ಮಾಡಿದವರು ಕೊನೆಗೆ ಒಂದು ಪಾಲು ತಾರ್ಲೆಯನ್ನಾದರೂ ಕೊಳ್ಳಬಾರದೇ?” ಎಂಬುದು ಅವಳ ವಿಮರ್ಶೆ. ಗ್ರಂಥದ ಬಗ್ಗೆ ಬಂದ ವಿಮರ್ಶೆಗಳಲ್ಲಿ ನನಗೆ ಇದೇ ಹೆಚ್ಚು ಗಂಭೀರವಾಗಿ ಕಂಡಿತು.

ಅತ್ಯಂತ ಪ್ರಶಂಸೆ ಪಡೆದದ್ದು ಮಳೆಗಾಲದ ಅಲೆಗಳೊಡನೆ ಸೆಣಸುತ್ತಿರುವ ಟ್ರಾಲರ್ ದೋಣಿಯ ಚಿತ್ರ. ಅಡಿಯಲ್ಲಿ ‘ಜುಲೈ’ ಎಂದಿದೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಆ ದೋಣಿ ಬಂದರಿನಲ್ಲಿ ಹಗ್ಗ ಕಟ್ಟಿಸಿಕೊಂಡು, ಮೇಲೆ ಟಾರ್ಪಾಲು ಹೊದ್ದು ಮಲಗಿತ್ತು. ಟಾರ್ಪಾಲು ತೆಗೆಸಿ, ಕ್ಯಾಮೆರಾವನ್ನು ಓರೆ ಹಿಡಿದದ್ದೇ ಬಿರುಗಾಳಿ.

ಇನ್ನು ಈ ಜಿಲ್ಲೆಯ ಬುಡಕಟ್ಟು ಸಮುದಾಯವಾದ ಹಾಲಕ್ಕಿ ಒಕ್ಕಲಿಗರ ಅಧ್ಯಾಯ. ಅಂಕೋಲಾ ತಾಲ್ಲೂಕಿನ ತುಳಸಿ ಗೌಡರು 2021ರ ನವೆಂಬರಿನಲ್ಲಿ ಬರಿಗಾಲಲ್ಲಿ ನಡೆದು ಬಂದು ಪದ್ಮಶ್ರೀ ಸ್ವೀಕರಿಸಿದ ಚಿತ್ರವನ್ನು ಇಡೀ ದೇಶ ನೋಡಿತು. ಆ ಚಿತ್ರದಲ್ಲಿ ಅವರಿಗೆ ಹೆಸರಿತ್ತು, ಪ್ರಶಸ್ತಿ ಇತ್ತಲ್ಲ. ಅವರು ಜೀವಮಾನವಿಡೀ ಬೆಳೆಸಿದ ಸಸಿಗಳು ಕ್ಯಾಮೆರಾದವರಿಗೆ ಕಾಣಲಿಲ್ಲ, ಬರಿಗಾಲು ಮಾತ್ರ ಕಂಡಿತು. ಅಂದಿನಿಂದ ಹಾಲಕ್ಕಿಗಳ ಕೇರಿಯಾದ ಕೊಪ್ಪಕ್ಕೆ ಬಂದವರ ಮೊದಲ ಬೇಡಿಕೆಯೇ ಚಪ್ಪಲಿ ಬಿಡಿ ಎಂಬುದು. ಒಬ್ಬ ಅಜ್ಜಿ ಕೇಳಿದಳಂತೆ: “ಫೋಟೋ ನೀನು ತೆಗೆಯುತ್ತೀ ತಮ್ಮಾ, ಕಾಲಿಗೆ ಚುಚ್ಚಿದ ಮುಳ್ಳು ಯಾರು ತೆಗೆಯಬೇಕು?” ಅವಳ ಚಿತ್ರದ ಅಡಿ ‘ಮುಗ್ಧತೆ’ ಎಂದು ಬರೆದಿದ್ದಾರೆ.

ಕೊನೆಯ ಅಧ್ಯಾಯ ಗಣ್ಯ ಅತಿಥಿಗಳದು. 1883ರಲ್ಲಿ, ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, ರವೀಂದ್ರನಾಥ ಠಾಕೂರರು ಬಂದು ಒಂದು ನಾಟಕ ಬರೆದರು. ಅವರ ಹೆಸರನ್ನು ಕಡಲತೀರಕ್ಕಿಟ್ಟೆವು. ಆಮೇಲೆ ಇಲ್ಲಿಗೆ ಬಂದು ಎಳನೀರು ಕುಡಿದ ಪ್ರತಿಯೊಬ್ಬ ನಟನೂ ಅವರ ವಾರಸುದಾರನೆಂದು ಸಂಪಾದಕರು ನಂಬಿದಂತಿದೆ. ಅದೇ ತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ಐಎನ್‌ಎಸ್ ಚಪಲ್ ಯುದ್ಧನೌಕೆಯ ಮುಂದೆ ಒಬ್ಬ ನಟ ನಿಂತ ಚಿತ್ರವಿದೆ. ನೌಕೆಯನ್ನು ಅರ್ಧಕ್ಕೆ ಕತ್ತರಿಸಿದ್ದಾರೆ. ನಟ ಬೂಟಿನ ಸಮೇತ ಪೂರ್ತಿ ಇದ್ದಾನೆ. ಅವನಿಗೆ ಮಾತ್ರ ಯಾರೂ ಚಪ್ಪಲಿ ಬಿಡಲು ಹೇಳಲಿಲ್ಲ.

ಸ್ವಿಟ್ಜರ್‌ಲ್ಯಾಂಡ್ ಮೂಲದ ಛಾಯಾಗ್ರಾಹಕ ರಾಬರ್ಟ್ ಫ್ರಾಂಕ್ ಅಮೆರಿಕ ಸುತ್ತಿ ಚಿತ್ರ ತೆಗೆಯುತ್ತಿದ್ದಾಗ, 1955ರಲ್ಲಿ, ಅರ್ಕಾನ್ಸಾ ರಾಜ್ಯದ ಪೊಲೀಸರು ಅನುಮಾನ ಬಂದು ಆತನನ್ನು ಹಿಡಿದು ಕೂರಿಸಿದ್ದರು. ಆತನ 83 ಚಿತ್ರಗಳ ಪುಸ್ತಕ 1959ರಲ್ಲಿ ಅಲ್ಲಿ ಪ್ರಕಟವಾದಾಗ ವಿಮರ್ಶಕರು ಹರಿಹಾಯ್ದರು. ನಮ್ಮ ಛಾಯಾಗ್ರಾಹಕರಿಗೆ ಅಂಥ ಗೌರವ ದಕ್ಕುವ ಲಕ್ಷಣವಿಲ್ಲ. ಪೊಲೀಸರೇ ಮುಂದೆ ನಿಂತು ದಾರಿ ಬಿಡಿಸಿಕೊಟ್ಟರು. ಶಾಲು, ಹಾರ, ಹಣ್ಣಿನ ಬುಟ್ಟಿ ಬೇರೆ.

ಎರಡನೆಯ ಸಂಪುಟಕ್ಕಾಗಿ ತಂಡ ಈಗ ಘಟ್ಟ ಹತ್ತಿದೆ. ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಜಾತ್ರೆ ಇಲ್ಲದ ವರ್ಷ ಹೋಳಿಯ ಹೊತ್ತಿಗೆ ಬೇಡರ ವೇಷ. ಇವರು ಜಾತ್ರೆಯ ವರ್ಷ ಬಂದು ಬೇಡನನ್ನು ಹುಡುಕಿದರು, ಬೇಡನ ವರ್ಷ ಬಂದು ತೇರು ಎಲ್ಲಿ ಎಂದರು. ವೇಷದ ಹುಡುಗರು ವಾರಗಟ್ಟಲೆ ಅಭ್ಯಾಸ ಮಾಡಿ, ಗಂಟೆಗಟ್ಟಲೆ ಬಣ್ಣ ಹಚ್ಚಿಸಿಕೊಂಡು, ಬೆನ್ನಿಗೆ ನವಿಲುಗರಿ ಕಟ್ಟಿಸಿಕೊಂಡು, ಕತ್ತಿ ಗುರಾಣಿ ಹಿಡಿದು ರಾತ್ರಿಯಿಡೀ ಬೀದಿಯಲ್ಲಿ ಕುಣಿಯುತ್ತಾರೆ. ಛಾಯಾಗ್ರಾಹಕರಿಗೆ ಅದು ಬೆಳಿಗ್ಗೆ ಏಳು ಗಂಟೆಗೆ, ಎಳೆ ಬಿಸಿಲಿನಲ್ಲಿ, ಅಡಿಕೆ ತೋಟದೊಳಗೆ ಬೇಕಂತೆ. ತಮಟೆಯೂ ಬೇಡವಂತೆ, ಚಿತ್ರದಲ್ಲಿ ಸದ್ದು ಕಾಣುವುದಿಲ್ಲವಲ್ಲ.

ಹುಡುಗರು ಒಪ್ಪಿದ್ದಾರೆ. ಒಂದೇ ಷರತ್ತು: ವೇಷ ಕಟ್ಟಿದವನು, ಬಣ್ಣ ಹಚ್ಚಿದವನು, ಬೇಡನಿಗೆ ಕಟ್ಟಿದ ಹಗ್ಗವನ್ನು ಹಿಂದಿನಿಂದ ಹಿಡಿದವರು, ತಮಟೆಯವರು, ಎಲ್ಲರ ಹೆಸರೂ ಚಿತ್ರದ ಅಡಿ ಇನಿಷಿಯಲ್ ಸಮೇತ ಬರಬೇಕು. ಸಂಪಾದಕರು ಇನ್ನೂ ಉತ್ತರ ಕೊಟ್ಟಿಲ್ಲ. ಅಷ್ಟೂ ಹೆಸರು ಹಾಕಿದರೆ ಒಂದು ಶುಭ ಸಂದೇಶವನ್ನು ಕೈಬಿಡಬೇಕಾಗುತ್ತದೆ, ಯಾರದನ್ನು ಬಿಡುವುದೆಂದು ಸಮಿತಿಯಲ್ಲಿ ಒಮ್ಮತ ಮೂಡಿಲ್ಲ.