ಬಾಯ್ಲರ್ ಕೈಕೊಟ್ಟ ಬಾಣಂತನ

ಬ್ರಿಟನ್ನಿನಲ್ಲಿ ಹಿಮ ಬೀಳುವುದು ಹೊಸದೇನಲ್ಲ. ಆದರೆ ಬಿದ್ದಾಗಲೆಲ್ಲ ಇಡೀ ದೇಶ ಅದನ್ನು ಮೊದಲ ಸಲ ನೋಡಿದ ಹಾಗೆ ಗಾಬರಿಯಾಗುತ್ತದೆ. ಅಂಗಡಿಗಳಲ್ಲಿ ಹಾಲು, ಬ್ರೆಡ್ಡು ಮಾಯ. ಶಾಲೆಗಳಿಗೆ ರಜೆ. ನಾವಿದ್ದ ಕೆಂಟ್ ಕಡೆ ರೈಲುಗಳಿಗೆ ಕರೆಂಟು ಬರುವುದು ನೆಲದ ಮೇಲೆ ಹಾಕಿರುವ ಮೂರನೇ ಹಳಿಯಿಂದ. ಅದರ ಮೇಲೆ ಮಂಜುಗಡ್ಡೆ ಕಟ್ಟಿದರೆ ಮುಗೀತು, ರೈಲು ನಿಂತಲ್ಲೇ ನಿಲ್ಲುತ್ತದೆ. 2018ರ ಫೆಬ್ರವರಿ ಕೊನೆಗೆ, ಪತ್ರಿಕೆಗಳು ‘ಬೀಸ್ಟ್ ಫ್ರಮ್ ದಿ ಈಸ್ಟ್’ ಎಂದು ಕರೆದ ಚಳಿ ಬಂದಾಗಲೂ ಇದೆಲ್ಲ ನಡೆಯಿತು. ನಮಗೆ ಮಾತ್ರ ರೈಲಿನ ಚಿಂತೆ ಇರಲಿಲ್ಲ. ನಮ್ಮ ಮನೆಯಲ್ಲಿ ಬಾಣಂತನ ನಡೆಯುತ್ತಿತ್ತು.

ತಿಪಟೂರಿನಿಂದ ಅತ್ತೆ ಬಂದಿದ್ದರು. ಜೊತೆಗೆ ಬಾಣಂತಿ ಖಾರ, ಒಣ ಬೇವಿನ ಹೂವು, ಹಳೇ ಹತ್ತಿ ಸೀರೆಗಳು, ಅರ್ಧ ಡಜನ್ ಕುಲಾವಿ. ಮಗು ನೋಡಲು ಬಂದಿದ್ದ ಮಿಡ್‌ವೈಫ್, ‘ಮಗು ಮಲಗುವ ರೂಮು 16ರಿಂದ 20 ಡಿಗ್ರಿ ಇದ್ದರೆ ಸಾಕು, ಮನೆಯೊಳಗೆ ಮಲಗಿಸುವಾಗ ಟೋಪಿ ಹಾಕಬೇಡಿ’ ಎಂದು ಹೇಳಿ ಹೋಗಿದ್ದರು. ಅತ್ತೆ ತಲೆಯಾಡಿಸಿದರು. ಗೇಟು ಹಾಕಿದ ಸದ್ದು ಕೇಳಿದ್ದೇ ತಡ, ಕುಲಾವಿ ಮಗುವಿನ ತಲೆ ಮೇಲಿತ್ತು.

ಫೆಬ್ರವರಿ ಮಧ್ಯದಲ್ಲಿ ಉತ್ತರ ಧ್ರುವದ ಮೇಲೆ ಸುಮಾರು 30 ಕಿಲೋಮೀಟರ್ ಎತ್ತರದಲ್ಲಿ ಗಾಳಿ ಇದ್ದಕ್ಕಿದ್ದಂತೆ ಬಿಸಿಯಾಗಿ, ದಿಕ್ಕು ಬದಲಿಸಿತ್ತಂತೆ. ಮೇಲೆ ಬಿಸಿಯಾದದ್ದಕ್ಕೆ ಕೆಳಗೆ ನಮಗೆ ಚಳಿ, ಇದ್ಯಾವ ನ್ಯಾಯವೋ. ಸಾಮಾನ್ಯವಾಗಿ ಇಲ್ಲಿ ಗಾಳಿ ಪಶ್ಚಿಮದ ಅಟ್ಲಾಂಟಿಕ್ ಕಡೆಯಿಂದ ಬರುತ್ತದೆ. ಫೆಬ್ರವರಿಯ ಆ ಕೊನೇ ವಾರ ಅದು ರಷ್ಯಾ ಕಡೆಯಿಂದ ಬಂತು. ಒಣ ಚಳಿಗಾಳಿ ನಾರ್ತ್ ಸೀ ದಾಟುವಾಗ ಸಮುದ್ರದ ತೇವ ಹೀರಿಕೊಂಡು, ದಡಕ್ಕೆ ಬಂದ ಕೂಡಲೇ ಹಿಮ ಸುರಿಸುತ್ತದೆ. ಅದೂ ಒಂದೇ ಸಮನೆ ಅಲ್ಲ. ಹತ್ತು ನಿಮಿಷ ಎದುರುಮನೆ ಕಾಣದಷ್ಟು ಹಿಮ, ಆಮೇಲೆ ಕಣ್ಣು ಕುಕ್ಕುವ ಬಿಸಿಲು, ಮತ್ತೆ ಹಿಮ. ಅತ್ತೆ ಮಗುವಿನ ಬಟ್ಟೆಗಳನ್ನು ಹೊರಗೆ ಒಣಗಿಸಿ, ಓಡಿಹೋಗಿ ತೆಗೆದು, ಮತ್ತೆ ಒಣಗಿಸಿ, ಕೊನೆಗೆ ಆಕಾಶಕ್ಕೇ ಬೈದರು. ತೆಗೆದ ಬಟ್ಟೆಗಳು ಹಪ್ಪಳದ ಹಾಗೆ ಸೆಟೆದಿದ್ದವು.

ಮರುದಿನ ಬೆಳಗ್ಗೆ, ನೀರನ್ನೂ ರೂಮುಗಳನ್ನೂ ಬಿಸಿ ಮಾಡುವ ಗ್ಯಾಸ್ ಬಾಯ್ಲರ್ ಗೊಳಗೊಳ ಎಂದು ಸದ್ದು ಮಾಡಿ ಸುಮ್ಮನಾಯಿತು. ಬಿಸಿನೀರಿಲ್ಲ, ಹೀಟರ್ ಇಲ್ಲ. ರಿಪೇರಿಯವರಿಗೆ ಫೋನ್ ಮಾಡಿದರೆ ಸಂಗೀತ. ಇಡೀ ಊರಿನ ಬಾಯ್ಲರ್‌ಗಳು ಅದೇ ದಿನ ಕೆಟ್ಟಿದ್ದವು, ಕಾರಣವೂ ಒಂದೇ. ಈಗಿನ ಬಾಯ್ಲರ್‌ಗಳು ಹೊಗೆಯಲ್ಲಿನ ಹಬೆಯನ್ನೂ ತಣ್ಣಗೆ ಮಾಡಿ, ಅದರಲ್ಲಿರುವ ಶಾಖವನ್ನೂ ಹಿಂಡಿಕೊಳ್ಳುತ್ತವೆ. ಉಳಿದ ನೀರು ಒಂದು ಸಣ್ಣ ಬಿಳಿ ಪ್ಲಾಸ್ಟಿಕ್ ಪೈಪಿನಲ್ಲಿ ತೊಟ್ಟಿಕ್ಕಿ ಗೋಡೆಯಾಚೆ ಹೋಗುತ್ತದೆ. ಪೈಪು ಹೆಬ್ಬೆರಳಿಗಿಂತ ದಪ್ಪವೇನಿಲ್ಲ. ಆ ನೀರು ಹೊರಗೆ ಹೆಪ್ಪುಗಟ್ಟಿದರೆ ಬಾಯ್ಲರ್ ತಾನಾಗಿಯೇ ಆಫ್ ಆಗುತ್ತದೆ. ಅದ್ಭುತ ಎಂಜಿನಿಯರಿಂಗ್. ಚಳಿಗಾಲಕ್ಕೆಂದೇ ಮಾಡಿದ ಯಂತ್ರ, ಚಳಿ ಆಯಿತೆಂದು ನಿಲ್ಲುತ್ತದೆ.

ಪೈಪಿನ ಮೇಲೆ ಬಿಸಿನೀರು ಹುಯ್ಯಬೇಕು, ಆದರೆ ಕುದಿಯುವ ನೀರು ಹುಯ್ದರೆ ಪೈಪು ಸೀಳಬಹುದು. ಅತ್ತೆ ಆಗಲೇ ಒಲೆ ಮೇಲೆ ದೊಡ್ಡ ಪಾತ್ರೆ ಇಟ್ಟಿದ್ದರು. ನಾನು ಚೊಂಬು ಹಿಡಿದು ಹೋದೆ.

“ಎಲ್ಲಿಗೆ ಅದು?”

“ಪೈಪಿಗೆ ಅತ್ತೆ.”

“ಮೊದಲು ಮಗೂಗೆ. ಆಮೇಲೆ ಬಾಣಂತಿಗೆ. ಮಿಕ್ಕಿದ್ರೆ ಪೈಪಿಗೆ.”

“ನನ್ನ ಸ್ನಾನ?”

“ನೀವೆಲ್ಲಿಗೆ ಹೋಗ್ಬೇಕು ಈಗ?”

ಸ್ನಾನವಾದ ಮೇಲೆ ಸಾಂಬ್ರಾಣಿ ಹೊಗೆ ಹಾಕಬೇಕಲ್ಲ. ಹಾಕಿದರು. ಸ್ಮೋಕ್ ಅಲಾರಂ ಹೊಡೆದುಕೊಳ್ಳತೊಡಗಿತು. ಮಗು ಅಳು, ಹೆಂಡತಿ ಬೈಗುಳ, ನಾನು ಕುರ್ಚಿ ಹತ್ತಿ ಟವೆಲ್ ಬೀಸಾಟ. ಬಾಣಂತಿಗೆ ಶೀತ ಆಗಬಾರದೆಂದು ಮೂರು ವಾರದಿಂದ ಮುಚ್ಚಿಟ್ಟಿದ್ದ ಕಿಟಕಿಗಳನ್ನು ಒಂದೊಂದಾಗಿ ತೆರೆಯಬೇಕಾಯಿತು. ಆ ಹೊತ್ತಿಗೆ ಸರಿಯಾಗಿ ಹಿಮ ಮತ್ತೆ ಶುರು. ಸಾಂಬ್ರಾಣಿ ಹೊರಗೆ, ಸೈಬೀರಿಯಾ ಒಳಗೆ.

ಪೈಪು ಮೂರನೇ ಚೊಂಬಿಗೆ ಕರಗಿತು, ರಾತ್ರಿಗೆ ಮತ್ತೆ ಕಟ್ಟಿತು. ಆಗ ಅತ್ತೆ ತಾವೇ ಇಳಿದರು. ಸೀರೆ ಮೇಲೆ ನನ್ನ ಓವರ್‌ಕೋಟು, ಕಾಲಿಗೆ ನನ್ನ ಬೂಟು. ಪೈಪಿಗೆ ಹಳೇ ಹತ್ತಿ ಸೀರೆ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಕವರ್ ಕಟ್ಟಿ, ಗೋಡೆಯಿಂದ ಹೊರಬರುವ ಮೊಣಕೈ ಭಾಗಕ್ಕೆ ಕುಲಾವಿ ತೊಡಿಸಿದರು. ಬೆಳಗ್ಗೆವರೆಗೂ ಬಾಯ್ಲರ್ ಓಡಿತು. ರಿಪೇರಿಯವರ ಸಂಗೀತ ನನ್ನ ಫೋನಿನಲ್ಲಿ ಇನ್ನೂ ಓಡುತ್ತಿತ್ತು.

ಇದನ್ನೆಲ್ಲ ಬೇಲಿಯಾಚೆಯಿಂದ ನೋಡುತ್ತಿದ್ದರು ಪಕ್ಕದ ಮನೆಯ ಯಜಮಾನರು. “ಇದೇನು ಚಳಿ! 1963ರಲ್ಲಿ ಹರ್ನ್ ಬೇ ಹತ್ತಿರ ಸಮುದ್ರವೇ ಹೆಪ್ಪುಗಟ್ಟಿತ್ತು” ಎಂದರು. ಅದು ನಿಜವೇ, ದಡದಿಂದ ಒಂದು ಮೈಲಿವರೆಗೆ ಕಟ್ಟಿತ್ತು. ಆದರೆ ಅವರ ಬಾಯ್ಲರ್ ಕೂಡ ನಿಂತಿತ್ತು ಎಂಬುದು ಸ್ವಲ್ಪ ಹೊತ್ತಿನ ಮೇಲೆ, ಬಹಳ ಸಂಕೋಚದಿಂದ ಹೊರಬಂತು. ಅತ್ತೆ ಇನ್ನೊಂದು ಸೀರೆ ತಂದರು.

ಮಾರ್ಚ್ 1, ಹವಾಮಾನ ಇಲಾಖೆಯ ಲೆಕ್ಕದಲ್ಲಿ ವಸಂತದ ಮೊದಲ ದಿನ. ಅಂದು ವೇಲ್ಸಿನ ಟ್ರೆಡೀಗರ್‌ನಲ್ಲಿ ದಿನದ ಗರಿಷ್ಠ ಉಷ್ಣಾಂಶವೇ ಮೈನಸ್ 4.7 ಡಿಗ್ರಿ. ಅದೇ ದಿನ ದೇಶದಲ್ಲಿ ಗ್ಯಾಸ್ ಸಾಲದೆ ಹೋಗಬಹುದು ಎಂಬ ಎಚ್ಚರಿಕೆಯೂ ಬಂತು. ಟಿವಿ ಸುದ್ದಿಯನ್ನು ನಾನು ಕನ್ನಡದಲ್ಲಿ ಹೇಳಿದೆ. ಅತ್ತೆಗೆ ಆಶ್ಚರ್ಯ. “ಇಷ್ಟು ದೊಡ್ಡ ದೇಶ, ಒಂದು ಸಿಲಿಂಡರ್ ಜಾಸ್ತಿ ಇಟ್ಕೊಳೋದಲ್ವಾ?”

ಆ ವಾರಾಂತ್ಯ ಹಿಮ ಕರಗಿತು. ಸದ್ಯ ಬದುಕಿದೆವು ಅಂದುಕೊಂಡರೆ ನಲ್ಲಿ ಒಣಗಿತು. ಹೆಪ್ಪುಗಟ್ಟಿದ ನೆಲ ಸಡಿಲಾಗುವಾಗ ಹಳೇ ಪೈಪುಗಳು ಒಡೆಯುತ್ತವೆ. ಲಂಡನ್ನಿನಲ್ಲೂ ಸುತ್ತಮುತ್ತಲೂ ಸಾವಿರಾರು ಮನೆಗಳಿಗೆ ನೀರಿಲ್ಲ, ಬಾಟಲಿ ನೀರಿಗೆ ಕ್ಯೂ. ನಮ್ಮ ಬೀದಿಯಲ್ಲಿ ಗಲಿಬಿಲಿಯಾಗದೆ ಇದ್ದವರು ಅತ್ತೆ ಒಬ್ಬರೇ. ಯಾಕೆಂದರೆ ಅವರು ಬಂದ ದಿನದಿಂದಲೂ, ಬೇಡ ಬೇಡ ಎಂದರೂ ಕೇಳದೆ, ಮನೆಯ ಬಕೆಟ್ಟುಗಳನ್ನೆಲ್ಲ ರಾತ್ರಿಯೇ ತುಂಬಿಸಿಡುತ್ತಿದ್ದರು. ತಂಗಿಗೆ ಫೋನಿನಲ್ಲಿ ಹೇಳುತ್ತಿದ್ದರು: “ಲಂಡನ್ ಅಂದ್ರೆ ಏನು ಮಹಾ, ಇಲ್ಲೂ ನಲ್ಲೀಲಿ ನೀರು ಬರಲ್ಲ.” ದನಿಯಲ್ಲಿ ಎಂಥಾ ಸಮಾಧಾನ!

ಮಾರ್ಚ್ 18, ಭಾನುವಾರ, ಯುಗಾದಿ. ವಿಳಂಬಿ ನಾಮ ಸಂವತ್ಸರ. ಎದ್ದು ಪರದೆ ಸರಿಸಿದರೆ ಹೊರಗೆ ಮತ್ತೆ ಬೆಳ್ಳಗೆ ಹಿಮ. ಅತ್ತೆ ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ. ಒಬ್ಬಟ್ಟು ಮಾಡಿ, ಒಣ ಬೇವಿನ ಹೂವಿಗೆ ಬೆಲ್ಲ ಬೆರೆಸಿ, ಪಕ್ಕದ ಮನೆಯವರನ್ನೂ ಕರೆಸಿದರು. ಬೆಲ್ಲ ಸ್ವಲ್ಪ ಕಡಿಮೆಯೇ ಆಗಿತ್ತು. ಯಜಮಾನರು ಒಂದು ಚಮಚ ಬಾಯಿಗೆ ಹಾಕಿಕೊಂಡರು. ಮುಖದ ಒಂದು ನರವೂ ಅಲುಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ “ವೆರಿ ಇಂಟರೆಸ್ಟಿಂಗ್” ಎಂದರು.

“ಏನಂತೆ?” ಅತ್ತೆ ಕೇಳಿದರು.

“ಚೆನ್ನಾಗಿದೆಯಂತೆ ಅತ್ತೆ.”

ಅತ್ತೆ ಇನ್ನೆರಡು ಚಮಚ ಬಡಿಸಿದರು.