ಸಣ್ಣ ಕಂಪನ ಆಯ್ತು ಅಂದ ಕೂಡಲೇ ಟಿಕೆಟ್ ರದ್ದು ಮಾಡಬೇಕಾ?

ಅಡಿಕೆ ಕೊಯ್ಲು ಮುಗಿದ ಮೇಲೆ ತೀರ್ಥಹಳ್ಳಿ, ಸಾಗರ ಕಡೆಯವರು ಅಂಡಮಾನ್, ಬಾಲಿ ಅಂತ ಹೊರಡುವುದು ಈಗ ಹೊಸದೇನಲ್ಲ. ಅಲ್ಲಿ ಭೂಮಿ ಒಂಚೂರು ನಡುಗಿದರೆ ಸಾಕು, ಮನೆಯ ವಾಟ್ಸಾಪ್ ಗ್ರೂಪಿಗೆ ಆ ಹಳೇ ಮೆಸೇಜ್ ಬರುತ್ತದೆ: ಇದು ಮುನ್ಸೂಚನೆ, ಇಂದು ರಾತ್ರಿ ದೊಡ್ಡದು ಬರುತ್ತದೆ, ಜೊತೆಗೆ ಸುನಾಮಿ.

ಇದು ನಿಜವಲ್ಲ. ಭೂಕಂಪದ ದಿನ, ಗಂಟೆ ಮೊದಲೇ ಹೇಳುವ ವಿಧಾನ ಯಾರ ಬಳಿಯೂ ಇಲ್ಲ. ಸಣ್ಣದರ ಹಿಂದೆ ದೊಡ್ಡದು ಬಂದದ್ದು ಉಂಟು, ಆದರೆ ಅಪರೂಪ. ಅಂಡಮಾನ್, ಬಾಲಿ ಕಡೆ ಭೂಫಲಕಗಳು, ಅಂದರೆ ಭೂಮಿಯ ಹೊರಪದರದ ದೊಡ್ಡ ತುಂಡುಗಳು, ಒಂದರಡಿ ಒಂದು ಜಾರುತ್ತವೆ, ಸಣ್ಣ ನಡುಕ ಮಾಮೂಲು. ತೀವ್ರತೆ ಒಂದು ಅಂಕಿ ಏರಿದರೆ ಹೊರಬರುವ ಶಕ್ತಿ ಸುಮಾರು 32 ಪಟ್ಟು ಜಾಸ್ತಿ. 2004ರ ಸುನಾಮಿ ಎಬ್ಬಿಸಿದ ಕಂಪನ 9.1. ಅದರ ಮುಂದೆ 4.5 ತೀವ್ರತೆಯ ಸಣ್ಣ ನಡುಕ ಏನೇನೂ ಅಲ್ಲ.

ಮೆಸೇಜಿನಲ್ಲಿ ತಾರೀಖು ಇದೆಯಾ ನೋಡಿ. 'ಇಂದು ರಾತ್ರಿ' ಅಂದರೆ ಯಾವ ರಾತ್ರಿ? ಸರ್ಕಾರದ ಭೂಕಂಪ ವೆಬ್‌ಸೈಟಿನಲ್ಲಿ ಸಮಯ, ತೀವ್ರತೆ, ಆಳ ಎಲ್ಲಾ ಸಿಗುತ್ತದೆ. ನಮ್ಮ ಸುನಾಮಿ ಎಚ್ಚರಿಕೆ ಕೇಂದ್ರ ಹೈದರಾಬಾದಿನಲ್ಲಿದೆ. ಅಪಾಯವಿದ್ದರೆ ಕೆಲವೇ ನಿಮಿಷಗಳಲ್ಲಿ ತಿಳಿಸುತ್ತದೆ.

ಮಗಳು ಅಲ್ಲಿದ್ದಾಳೆ ಅಂದಾಗ ಗಾಬರಿ ಸಹಜ, ಅಲ್ವಾ? ಫಾರ್ವರ್ಡ್ ಬದಲು ಒಂದು ಫೋನ್ ಮಾಡಿ. ತೀರದಲ್ಲಿದ್ದಾಗ ನೆಲ ಜೋರಾಗಿ, ತುಂಬಾ ಹೊತ್ತು ನಡುಗಿದರೆ, ಇಲ್ಲವೇ ಸಮುದ್ರ ಏಕಾಏಕಿ ಹಿಂದೆ ಸರಿದರೆ, ಯಾವ ಮೆಸೇಜಿಗೂ ಕಾಯದೆ ಎತ್ತರದ ಜಾಗಕ್ಕೆ ಹೋಗಲು ಹೇಳಿ.